ಬೂಟಿನ ತಳ ನೋಡಿ ಒಳಗೆ ಬಿಡುವ ಮಲ್ಕಮ್ಮ

ಅಫಜಲಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಚಾಂದಪಾಶಾ ಇನ್ನೂ ಚಹಾದ ಒಲೆ ಹೊತ್ತಿಸಿಲ್ಲ. ಎದುರಿಗಿನ ಭೀಮಾತೀರ ಕ್ಲಬ್ಬಿನ ಬೀಗ ಮಾತ್ರ ಆಗಲೇ ತೆರೆದಿದೆ. ಒಳಗೆ ಬ್ಯಾಡ್ಮಿಂಟನ್ ಅಂಕಣದ ನಡುಮಧ್ಯೆ ಒಬ್ಬ ಹೆಂಗಸು ಮೊಣಕಾಲೂರಿ, ಕೆನ್ನೆಯನ್ನು ನೆಲಕ್ಕೆ ತಾಗುವಷ್ಟು ಬಗ್ಗಿಸಿ, ಒಂದು ಕಣ್ಣು ಮುಚ್ಚಿ ಮೂಡಲ ಕಿಂಡಿಯ ಕಡೆ ನೋಡುತ್ತಿದ್ದಾಳೆ. ಕಿಂಡಿಯಿಂದ ಓರೆಯಾಗಿ ಬೀಳುವ ಮೊದಲ ಬಿಸಿಲಿನಲ್ಲಿ ತೇಗದ ಹಲಗೆಗಳ ಮೇಲಿನ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ. ಹೊತ್ತು ಏರಿದರೆ ಈ ಬೆಳಕು ಸಿಗುವುದಿಲ್ಲ. ಅದಕ್ಕೇ ಈ ಅವಸರ.

"ನಿನ್ನಿ ಯಾರ್ಯಾರು ಆಡ್ಯಾರ ಅಂಬೋದಕ್ಕ ರಿಜಿಸ್ಟರ್ ತಗೀಬೇಕಾಗಿಲ್ರಿ. ಇಲ್ಲಿ ನೋಡ್ರಿ, ಈ ಬಾಗಿದ ಗೆರಿ ಡಾಕ್ಟರ್ ಸಾಹೇಬರದು. ಬಲಗಾಲು ಎಳದು ಆಡ್ತಾರ ಅವರು. ಇದು ಯಾರೋ ಹೊಸಬರದು, ಹೊರಗಿನ ಮಣ್ಣು ಹಚ್ಚಿಕೊಂಡು ಬಂದಾರ," ಎನ್ನುತ್ತ ಮಲ್ಕಮ್ಮ ಸೀಮೆಎಣ್ಣೆ ಸೋಕಿಸಿದ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾರೆ. ಒಂದು ಗೆರೆಗೆ ನಾಲ್ಕು ಸಲ ತಿಕ್ಕು, ಮೇಲೆ ಒಣಬಟ್ಟೆಯ ಒಂದು ಒರೆಸು. ಹೆಚ್ಚು ತಿಕ್ಕಿದರೆ ಕಟ್ಟಿಗೆಯ ಹೊಳಪು ಹೋಗುತ್ತದೆ, ಕಡಿಮೆಯಾದರೆ ಕಪ್ಪು ಉಳಿಯುತ್ತದೆ. ಮಾಮೂಲು ದಿನ ಇಪ್ಪತ್ತು ಗೆರೆ, ಸೋಮವಾರ ಬೆಳಿಗ್ಗೆ ಮೂವತ್ತರ ಮೇಲೆ. ಮೊದಲು ಹೀಗಿರಲಿಲ್ಲ. ಐದು ವರ್ಷದ ಹಿಂದೆ ದಿನಕ್ಕೆ ನೂರು ಗೆರೆ ಅಳಿಸಿದ್ದೂ ಉಂಟು. ಆ ನೂರು ಈ ಇಪ್ಪತ್ತಕ್ಕೆ ಇಳಿದದ್ದರ ಹಿಂದೆ ಒಂದು ದೊಡ್ಡ ಜಗಳವೇ ನಡೆದಿದೆ.

ಮಲ್ಕಮ್ಮನಿಗೀಗ ನಲವತ್ತಾರೋ ನಲವತ್ತೇಳೋ. ಹುಟ್ಟಿದ್ದು ಘತ್ತರಗಿಯ ಆಚೆಯ ಸಣ್ಣ ಹಳ್ಳಿಯಲ್ಲಿ, ಮುಂದೆ ಬೌದ್ಧರಾದ ಕೂಲಿಕಾರರ ಮನೆಯಲ್ಲಿ. ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಹತ್ತು ತುಂಬುವ ಮೊದಲೇ ಕಡಲೆ ಕೀಳಲು, ಜೋಳ ಮುರಿಯಲು ಹೋಗುತ್ತಿದ್ದರು. ಮದುವೆಯಾಗಿ ಅಫಜಲಪುರಕ್ಕೆ ಬಂದ ಮೇಲೆ ಗಂಡ ಭಗವಂತನದು ಸಂತೆಪೇಟೆಯಲ್ಲಿ ಹಮಾಲಿ ಕೆಲಸ. ಎಪ್ಪತ್ತಾರರಲ್ಲಿ ಊರಿನ ವಕೀಲರು, ಡಾಕ್ಟರು, ಅಧಿಕಾರಿಗಳು ಕೂಡಿ ಹಳೆಯ ಕಾಳಿನ ಉಗ್ರಾಣವೊಂದನ್ನು ಆಟದ ಮನೆ ಮಾಡಿದಾಗ, ಸೊಲ್ಲಾಪುರದಿಂದ ಬಂದ ಬಡಿಗರ ಕೈಕೆಳಗೆ ಹಲಗೆ ಹೊತ್ತವನೂ ಭಗವಂತನೇ. ನೂರಾ ಎಂಬತ್ತಾರು ಹಲಗೆ. ಲಾರಿಯಿಂದ ಒಳಗೆ ಒಂದೊಂದಾಗಿ ತಂದದ್ದು ಅವನ ಹೆಗಲು. ಮರುವರ್ಷ ಜೋಳದ ಚೀಲದ ಭಾರಕ್ಕೆ ಅವನ ಬೆನ್ನು ಕೈಕೊಟ್ಟಿತು. ಗಂಡ ಹಾಸಿಗೆ ಹಿಡಿದ ಹದಿನೈದನೆಯ ದಿನ ಮಲ್ಕಮ್ಮ ಕ್ಲಬ್ಬಿನ ಬಾಗಿಲಿಗೆ ಬಂದು ನಿಂತರು. ಕಸ ಗುಡಿಸುವವರು ಬೇಕಾಗಿತ್ತು, ಕೆಲಸ ಸಿಕ್ಕಿತು.

ಕಟ್ಟಿಗೆಯ ನೆಲವನ್ನು ಹೇಗೆ ಕಾಯಬೇಕೆಂದು ಅವರಿಗೆ ಯಾರೂ ಕಲಿಸಲಿಲ್ಲ. ಬಕೆಟ್ಟಿನ ನೀರು ಸುರಿಯಬಾರದು, ಹಿಂಡಿ ಹಿಂಡಿ ಬಹುಪಾಲು ಒಣಗಿದ ಬಟ್ಟೆಯಲ್ಲೇ ಒರೆಸಬೇಕು, ಹಲಗೆಯ ಉದ್ದಕ್ಕೆ ಒರೆಸಬೇಕೇ ಹೊರತು ಅಡ್ಡಕ್ಕಲ್ಲ, ಮಳೆಗಾಲದಲ್ಲಿ ಪಡುವಲ ಕಿಂಡಿ ಮುಚ್ಚಿ ಮೂಡಲದ್ದು ತೆರೆದಿಡಬೇಕು. ಇದೆಲ್ಲ ಅವರು ನೋಡಿ, ತಪ್ಪು ಮಾಡಿ, ತಿದ್ದಿಕೊಂಡು ಕಲಿತದ್ದು. ಯಾವ ಬೂಟು ನೆಲಕ್ಕೆ ಏನು ಮಾಡುತ್ತದೆ ಎಂಬುದನ್ನೂ ಹಾಗೆಯೇ ಕಲಿತರು. ಕರಿ ರಬ್ಬರಿನ ಗಟ್ಟಿ ತಳ ಕಪ್ಪು ಗೆರೆ ಎಳೆಯುತ್ತದೆ. ಬೆಲ್ಲದ ಬಣ್ಣದ ಮೆತ್ತನೆಯ ತಳ ಹಲಗೆಯನ್ನು ಹಿಡಿದು ನಿಲ್ಲುತ್ತದೆ, ಗುರುತು ಬಿಡುವುದಿಲ್ಲ. ಒಂಬತ್ತು ವರ್ಷ ಈ ತಿಳಿವಳಿಕೆಯನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಎಂಬತ್ತಾರರ ದಸರೆ ಮುಗಿದು ಶಾಲೆ ತೆರೆದ ವಾರ. ಬಾಲಕಿಯರ ಪ್ರೌಢಶಾಲೆಯ ದೈಹಿಕ ಶಿಕ್ಷಕಿ ವತ್ಸಲಾಬಾಯಿ ನಾಲ್ವರು ಹುಡುಗಿಯರನ್ನು ಕರೆದುಕೊಂಡು ಕ್ಲಬ್ಬಿಗೆ ಬಂದರು. ಡಿಸೆಂಬರಿನಲ್ಲಿ ಗುಲಬರ್ಗಾದಲ್ಲಿ ಜಿಲ್ಲಾ ಪಂದ್ಯ. ಹುಡುಗಿಯರು ಶಾಲೆಯ ಅಂಗಳದ ಮಣ್ಣಿನಲ್ಲಿ ಗೆರೆ ಹಾಕಿಕೊಂಡು ಆಡಿದವರು. ಗಾಳಿ ಬೀಸಿದರೆ ಗರಿಯ ಚೆಂಡು ಗೋಡೆಯಾಚೆ ಹಾರುತ್ತಿತ್ತು. ಒಳಾಂಗಣದಲ್ಲಿ ಒಮ್ಮೆಯೂ ಆಡದೆ ಪಂದ್ಯಕ್ಕೆ ಹೋಗುವುದು ಹೇಗೆ? ದಿನಕ್ಕೆ ಒಂದು ತಾಸು, ಸದಸ್ಯರು ಬರುವ ಮೊದಲು ನಾಲ್ಕರಿಂದ ಐದು, ಇಷ್ಟು ಕೊಡಿ ಎಂಬುದು ಶಿಕ್ಷಕಿಯ ಕೋರಿಕೆ.

ಕ್ಲಬ್ಬಿನ ಕಾರ್ಯದರ್ಶಿ ವಕೀಲ ಗುರುರಾಜರು ಹುಡುಗಿಯರ ಮುಖ ನೋಡಲಿಲ್ಲ, ಕಾಲು ನೋಡಿದರು. ಆ ವರ್ಷ ಶಾಲೆಯ ವಾಲಿಬಾಲ್ ತಂಡಕ್ಕೆಂದು ಆರು ಜೊತೆ ಬೂಟು ಬಂದಿದ್ದವು. ಅವುಗಳಲ್ಲೇ ನಾಲ್ಕು ಜೊತೆ ಈ ಹುಡುಗಿಯರ ಕಾಲಲ್ಲಿದ್ದವು.

"ಇವು ವಾಲಿಬಾಲ್ ಬೂಟು. ಬೋರ್ಡು ಓದ್ರಿ," ಎಂದರು ಗುರುರಾಜರು. ಬಾಗಿಲ ಮೇಲೆ ಬಿಳಿ ಅಕ್ಷರದಲ್ಲಿ ಬರೆದಿತ್ತು: ಬ್ಯಾಡ್ಮಿಂಟನ್ ಬೂಟು ಇಲ್ಲದವರಿಗೆ ಪ್ರವೇಶವಿಲ್ಲ.

"ಸರ್, ಬ್ಯಾಡ್ಮಿಂಟನ್ ಬೂಟು ಸೊಲ್ಲಾಪುರ, ಹೈದರಾಬಾದಿಗೆ ಹೋಗದ ಸಿಗಂಗಿಲ್ಲ. ಇವು ಹೊಸಾವ ಅದಾವ. ಮಣ್ಣಿಗೆ ಹಾಕಿಲ್ಲ, ಕೈಯಾಗ ಹಿಡಕೊಂಡು ಬಂದು ನಿಮ್ಮ ಕಟ್ಟಿ ಮ್ಯಾಲ ಹಾಕ್ಕೊಂಡಾರ," ಎಂದರು ವತ್ಸಲಾಬಾಯಿ.

"ನಿಯಮ ಅಂದ್ರ ನಿಯಮರೀ ಬಾಯಾರ. ನಾಳಿ ಒಬ್ಬರು ಕ್ರಿಕೆಟ್ ಬೂಟು ಹಾಕ್ಕೊಂಡು ಬರ್ತಾರ. ಅವರಿಗೇನು ಹೇಳ್ಲಿ? ಇಷ್ಟು ಕಷ್ಟಪಟ್ಟು ಮಾಡಿದ ನೆಲಾರಿ ಇದು."

ಮೂಲೆಯಲ್ಲಿ ಒರೆಸುವ ಬಟ್ಟೆ ಹಿಂಡುತ್ತಿದ್ದ ಮಲ್ಕಮ್ಮನ ಕೈ ಆ ಮಾತಿಗೆ ನಿಂತಿತು. ಎದ್ದು ಬಂದು ಮುಂದೆ ನಿಂತಿದ್ದ ಹುಡುಗಿಯ ಹೆಸರು ಕೇಳಿದರು. ದ್ರೌಪದಿ ಎಂದಿತು ಹುಡುಗಿ. "ಕಾಲೆತ್ತು ಬೇ ತಂಗಿ," ಎಂದು ಅವಳ ಬೂಟಿನ ತಳಕ್ಕೆ ಹೆಬ್ಬೆರಳಿನ ಉಗುರು ಒತ್ತಿ ನೋಡಿದರು. ಉಗುರಿಗೆ ತಗ್ಗಿ ಮತ್ತೆ ಮೇಲೆದ್ದಿತು ರಬ್ಬರು. ಬಣ್ಣ ಬೆಲ್ಲದ್ದು. "ಸಾಹೇಬ್ರ, ಇದರಿಂದ ನಿಶಾನಿ ಬೀಳಂಗಿಲ್ರಿ," ಎಂದರು.

ಗುರುರಾಜರು ನಕ್ಕರು. "ನೀ ಕಸ ಹೊಡಿಯಾಕ ಬಂದಾಕಿ, ಕಸ ಹೊಡಿ. ಬೂಟಿನ ವಿಚಾರ ನಮಗ ಬಿಡು."

ಹುಡುಗಿಯರು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದರು. ಸುಲ್ತಾನಬಿ ಎಂಬ ಗಿಡ್ಡ ಹುಡುಗಿ ತಿರುಗಿ ಒಳಗಿನ ಬಲೆಯನ್ನು ನೋಡುತ್ತಲೇ ಇಳಿದು ಕೊನೆಯ ಮೆಟ್ಟಿಲಲ್ಲಿ ಎಡವಿದಳು. ಆ ನೋಟ ಮಲ್ಕಮ್ಮನ ಎದೆಯಲ್ಲಿ ಮುಳ್ಳಿನಂತೆ ನಾಟಿತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು ಸಂಗತಿ. ದಿನಾ ಅತಿ ಹೆಚ್ಚು ಕಪ್ಪು ಗೆರೆ ಬಿಡುತ್ತಿದ್ದದ್ದು ಸ್ವತಃ ಕಾರ್ಯದರ್ಶಿಗಳ ಬೂಟು. ಅದರ ಪೆಟ್ಟಿಗೆಯ ಮೇಲೆ ಬ್ಯಾಡ್ಮಿಂಟನ್ ಎಂದು ಬರೆದಿತ್ತಂತೆ. ತಳ ಮಾತ್ರ ಕರಿ ಕಲ್ಲಿನಂತಿತ್ತು. ಅದೇ ಬೂಟಿನಲ್ಲಿ ಅವರು ಪೇಟೆಗೂ ಹೋಗಿ ಬರುತ್ತಿದ್ದರು.

"ಒಂಬತ್ತು ವರ್ಸ ಅವರ ಗೆರಿ ತಿಕ್ಕಿ ತಿಕ್ಕಿ ನನ್ನ ಬೆರಳು ಸವದಾವ. ಗೆರಿನೇ ಬೀಳಲಾರದ ಬೂಟಿಗೆ ಬ್ಯಾಡ ಅಂತಾರಲ್ಲ, ಇದ್ಯಾವ ನ್ಯಾಯ ಅನಿಸ್ತರಿ. ಮನಿಗಿ ಬಂದು ಅವ್ನ ಮುಂದ ಅಂದೆ, ನಾ ಸುಮ್ಮನ ಕುಂದ್ರಂಗಿಲ್ಲ ಅಂತ," ಎಂದು ಇಂದೂ ಅದೇ ಬಿಸಿಯಲ್ಲಿ ಹೇಳುತ್ತಾರೆ ಮಲ್ಕಮ್ಮ. ಗಂಡ ಭಗವಂತ ಅಂದು ಏನೆಂದ? "ಕೆಲಸ ಹೋದೀತು ಅಂದೆರಿ," ಎನ್ನುತ್ತಾನೆ ಪಕ್ಕದಲ್ಲಿ ಗೋಡೆಗೊರಗಿ ಕೂತ ಭಗವಂತ. "ಹೋದ್ರ ಹೋಗ್ಲಿ ಅಂದ್ಲು. ಈಕಿ ಹಂಗ ಅಂದಮ್ಯಾಲ ಮತ್ತ ನಾ ಏನು ಮಾತಾಡ್ಲಿ?"

ಆ ಭಾನುವಾರ ಸಂಜೆ ಕ್ಲಬ್ಬಿನ ಸಭೆ. ಹನ್ನೊಂದು ಮಂದಿ ಸದಸ್ಯರು ಆಟ ಮುಗಿಸಿ ಬೆವರು ಒರೆಸಿಕೊಳ್ಳುತ್ತ ಕೂತಿದ್ದರು. ಶಿಕ್ಷಕಿಯ ಅರ್ಜಿ ಓದಿದ ಗುರುರಾಜರು ಅದನ್ನು ಮಡಚಿಡುವಷ್ಟರಲ್ಲಿ ಮಲ್ಕಮ್ಮ ಎದ್ದು ನಡುವೆ ಬಂದರು. ಕೈಯಲ್ಲಿ ಶಾಲೆಯಿಂದ ಕೇಳಿ ತಂದ ಒಂದು ಜೊತೆ ವಾಲಿಬಾಲ್ ಬೂಟು.

"ಸಾಹೇಬ್ರ, ಎಲ್ಲಾರೂ ಒಂದೊಂದು ಬೂಟು ಬಿಚ್ಚಿ ಕೊಡ್ರಿ. ನಾ ಒಂದು ತೋರಸ್ತೇನಿ. ಆಮ್ಯಾಲ ನಿಮಗ ತಿಳಿದಂಗ ಮಾಡ್ರಿ."

ಯಾರೋ ನಕ್ಕರು, ಯಾರೋ ಗೊಣಗಿದರು. ಅಧ್ಯಕ್ಷ ಅಣ್ಣಾರಾಯರು ಕಾಳಿನ ವ್ಯಾಪಾರಿ, ಮಾತು ಕಡಿಮೆ. ಅವರು ಬಗ್ಗಿ ತಮ್ಮ ಬೂಟಿನ ದಾರ ಬಿಚ್ಚತೊಡಗಿದರು. ಅಧ್ಯಕ್ಷರೇ ಬಿಚ್ಚಿದ ಮೇಲೆ ಉಳಿದವರು ಸುಮ್ಮನೆ ಕೂತಾರೇ?

ಮಲ್ಕಮ್ಮ ಅಂಕಣದ ಹೊರಗಿನ ಹಲಗೆಯ ಮೇಲೆ ಬೂಟುಗಳನ್ನು ಸಾಲಾಗಿಟ್ಟು, ಒಂದೊಂದರೊಳಗೆ ಕೈ ತೂರಿಸಿ, ಮೈಭಾರವೆಲ್ಲ ಹಾಕಿ ನೆಲಕ್ಕೆ ಉಜ್ಜಿದರು. ಅಣ್ಣಾರಾಯರದು ತೆಳು ಗೆರೆ. ಡಾಕ್ಟರರದು ಅದಕ್ಕಿಂತ ತುಸು ದಪ್ಪ. ಬ್ಯಾಂಕಿನವರೊಬ್ಬರು ಟೇಬಲ್ ಟೆನಿಸ್ ಆಡಲು ಕೊಂಡ ಬೂಟಿನಲ್ಲೇ ಇಲ್ಲೂ ಆಡುತ್ತಿದ್ದರು, ಅದುವರೆಗೆ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಅದರದು ಗೆರೆಯೇ ಇಲ್ಲ. ಓವರ್‌ಸಿಯರರ ಓಟದ ಬೂಟು ಸಹ ಗೆರೆ ಬಿಡಲಿಲ್ಲ. ಆದರೆ ಮಲ್ಕಮ್ಮ ಅದನ್ನು ಎತ್ತಿ ಹಿಮ್ಮಡಿ ತೋರಿಸಿದರು. "ನೆಲಕ್ಕೇನೂ ಆಗಂಗಿಲ್ರಿ. ಆದ್ರ ಹಿಂಬಡ ಎಷ್ಟು ಎತ್ತರ ಅದ ನೋಡ್ರಿ. ನೆಟ್ಟಗ ಓಡೂದಕ್ಕ ಮಾಡಿದ್ದು. ಇಲ್ಲಿ ಬಾಜೂಕ ಜಿಗಿತೀರಿ, ಕಾಲು ಹೊಳ್ಳತದ. ಹ್ವಾದ ತಿಂಗಳ ಇವರು ಬಿದ್ದದ್ದು ಅದಕ್ಕ." ಓವರ್‌ಸಿಯರರು ತಮ್ಮ ಕಣಕಾಲು ಮುಟ್ಟಿಕೊಂಡರು.

ಆಮೇಲೆ ಕಾರ್ಯದರ್ಶಿಗಳ ಬೂಟು. ಒಂದೇ ಉಜ್ಜಿಗೆ ಇದ್ದಿಲಿನಲ್ಲಿ ಬರೆದಂತೆ ಗೇಣುದ್ದದ ಕಪ್ಪು ಗೆರೆ. ಕೊನೆಗೆ ವಾಲಿಬಾಲ್ ಬೂಟು. ಉಜ್ಜಿದರು, ಮತ್ತೊಮ್ಮೆ ಉಜ್ಜಿದರು, ಮೂರನೆಯ ಸಲ ಬೆವರು ಹನಿಯುವಂತೆ ಉಜ್ಜಿದರು. ಹಲಗೆ ಮೊದಲಿನಂತೆಯೇ ಹೊಳೆಯಿತು.

"ಈಗ ಹೇಳ್ರಿ," ಎಂದರು ಮಲ್ಕಮ್ಮ. "ನೆಲ ಕೆಡಸವರು ಯಾರು? ಬೂಟಿನ ಹೆಸರು ನೆಲಕ್ಕ ಗೊತ್ತಿಲ್ರಿ. ನೆಲಕ್ಕ ತಳ ಅಷ್ಟೇ ಗೊತ್ತು."

ಗುರುರಾಜರ ಮುಖ ಕೆಂಪಾಯಿತು. ಹನ್ನೊಂದು ಜನರೆದುರು ಗುಡಿಸುವ ಹೆಂಗಸೊಬ್ಬಳು ತಮ್ಮ ಬೂಟನ್ನು ಕೈಯಲ್ಲಿ ಹಿಡಿದು ಮಾತಾಡಿದ್ದು ಅವರಿಗೆ ನುಂಗಲಾರದ ತುತ್ತಾಯಿತು. "ದಿಮಾಕು ಭಾಳ ಆಯ್ತು ನಿನ್ನದು. ಕೀಲಿಕೈ ಇಟ್ಟು ನಡಿ. ನಾಳಿಯಿಂದ ಬರಬ್ಯಾಡ," ಎಂದರು. ಯಾರೂ ತಡೆಯಲಿಲ್ಲ. ಅಣ್ಣಾರಾಯರೂ ತಡೆಯಲಿಲ್ಲ. ಮಲ್ಕಮ್ಮ ಸೊಂಟದಿಂದ ಕೀಲಿಕೈ ತೆಗೆದು ಮೇಜಿನ ಮೇಲಿಟ್ಟರು. ಬಾಗಿಲ ತನಕ ಹೋದವರು ತಿರುಗಿ ಬಂದು, ಬಟ್ಟೆ ತೆಗೆದುಕೊಂಡು, ತಾವೇ ಬೀಳಿಸಿದ ಗೆರೆಗಳನ್ನೆಲ್ಲ ಅಳಿಸಿದರು. ಕಾರ್ಯದರ್ಶಿಗಳದನ್ನು ಮಾತ್ರ ಬಿಟ್ಟರು.

"ಅದೊಂದು ಇರ್ಲಿ ಅಂತ ಬಿಟ್ಟೆರಿ. ನಾಕು ಮಂದಿ ನೋಡ್ಲಿ ಅಂತ," ಎಂದು ಮಲ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾರೆ.

ಮುಂದಿನ ದಿನಗಳು ನಗುವಂಥವಲ್ಲ. ಮಲ್ಕಮ್ಮ ಮತ್ತೆ ಹೊಲದ ಕೂಲಿಗೆ ಹೋದರು. ಭಗವಂತನ ಬೆನ್ನಿಗೆ ಹಚ್ಚುವ ಎಣ್ಣೆ ತೀರಿತ್ತು, ಅವನು ಕೇಳಲಿಲ್ಲ. ಅತ್ತ ಕ್ಲಬ್ಬಿನಲ್ಲಿ ಹೊಸದಾಗಿ ಬಂದವನು ಆಸ್ಪತ್ರೆಯ ಕಲ್ಲಿನ ಫರಸಿ ತೊಳೆದು ರೂಢಿಯಿದ್ದವನು. ದಿನಾ ಎರಡು ಬಕೆಟ್ ನೀರಿಗೆ ಫಿನಾಯಿಲ್ ಬೆರೆಸಿ ಸುರಿದು ಕಸಬರಿಗೆಯಿಂದ ಎಳೆದ. ನೆಲ ಘಮಘಮಿಸಿತು, ಸದಸ್ಯರಿಗೆ ಸಂತೋಷವಾಯಿತು. ಒಂದು ವಾರಕ್ಕೆ ಹಲಗೆಗಳ ಅಂಚು ಎದ್ದವು. ಹತ್ತನೆಯ ದಿನ ಡಾಕ್ಟರರು ಎಡವಿ ಬಿದ್ದು ಮೊಣಕೈ ತರಚಿಕೊಂಡರು. ಹನ್ನೆರಡನೆಯ ದಿನ ಬಲೆಯ ಹತ್ತಿರದ ಮೂರು ಹಲಗೆ ಕಮಾನಿನಂತೆ ಉಬ್ಬಿ ಆಟವೇ ನಿಂತಿತು.

ಅಂದು ಸಂಜೆ ಅಣ್ಣಾರಾಯರು ಮಲ್ಕಮ್ಮನ ಮನೆಗೆ ಬಂದರು. ಅವರಂಥವರು ಆ ಓಣಿಗೆ ಕಾಲಿಟ್ಟದ್ದು ಅದೇ ಮೊದಲು. ಎದ್ದು ನಿಲ್ಲಲು ಹೊರಟ ಭಗವಂತನನ್ನು ಮಲ್ಕಮ್ಮ ಕೈಸನ್ನೆಯಲ್ಲೇ ಕೂರಿಸಿದರು.

"ನೆಲ ಹಾಳಾಗಾಕತ್ತದ. ನಾಳಿಯಿಂದ ಬಾ," ಎಂದರು ಅಣ್ಣಾರಾಯರು.

"ಬರ್ತೇನ್ರಿ. ಆದ್ರ ಬೋರ್ಡು ಬದ್ಲಿ ಆಗಬೇಕು. ಹುಡುಗ್ಯಾರು ನಾಕರಿಂದ ಐದು ಆಡಬೇಕು. ಇವೆರಡೂ ಆದ್ರ ಬರ್ತೇನಿ."

"ನಿನಗ ಕೆಲಸ ಬೇಕಿಲ್ಲೇನು?"

"ಬೇಕ್ರಿ, ಭಾಳ ಬೇಕು. ನಿಮಗೂ ನಾ ಬೇಕಾಗೇನಿ. ಇಲ್ಲಾಂದ್ರ ಇಲ್ಲಿ ತನಾ ನಡಕೊಂಡು ಯಾಕ ಬರ್ತಿದ್ರಿ?"

"ಸೆಕ್ರೆಟರಿಯವರಿಗೆ ನಾ ಏನಂತ ಹೇಳ್ಲಿ?"

"ಕಾಲೆತ್ತಿ ತಳ ನೋಡ್ಕೋರಿ ಅಂತ ಹೇಳ್ರಿ."

ಅಧ್ಯಕ್ಷರು ನಕ್ಕದ್ದನ್ನು ಮಲ್ಕಮ್ಮ ಅಂದೇ ಮೊದಲು ನೋಡಿದರಂತೆ. ಮೂರು ದಿನಕ್ಕೆ ಹೊಸ ಬೋರ್ಡು ಬಂತು. ಒಳಾಂಗಣದಲ್ಲಷ್ಟೇ ಬಳಸುವ, ನೆಲಕ್ಕೆ ಗುರುತು ಬಿಡದ ಬೂಟು ಯಾವ ಆಟದ್ದಾದರೂ ಸರಿ ಎಂದು ಅದರಲ್ಲಿತ್ತು. ಕೆಳಗೆ ಇನ್ನೊಂದು ಸಾಲು: ಹೊರಗಿನಿಂದ ಬೂಟು ಹಾಕಿಕೊಂಡು ಬರಬಾರದು, ಇಲ್ಲಿ ಬಂದು ಹಾಕಿಕೊಳ್ಳಬೇಕು.

ಉಬ್ಬಿದ ನೆಲ ಸರಿಪಡಿಸಲು ಹತ್ತೊಂಬತ್ತು ದಿನ ಹಿಡಿಯಿತು. ದಾರಿ ತೋರಿದವನು ಭಗವಂತ. ಹಲಗೆಯ ಕೆಳಗೆ ಗೇಣಿನಷ್ಟು ಟೊಳ್ಳಿದೆ, ಗಾಳಿಯಾಡಲು ಅಡಿಪಾಯದಲ್ಲಿ ನಾಲ್ಕು ಕಿಂಡಿಗಳಿವೆ ಎಂಬುದು ಹಲಗೆ ಹೊತ್ತವನಿಗೆ ನೆನಪಿತ್ತು. ಕೋಲೂರಿಕೊಂಡು ಬಂದು ಜಾಗ ತೋರಿಸಿದ. ಹತ್ತು ವರ್ಷದ ಕಸ, ಮಣ್ಣು, ಇಲಿಯ ಗೂಡು ತುಂಬಿದ್ದವು. ಮಲ್ಕಮ್ಮ ಕೈ ತೂರಿಸಿ ಎಲ್ಲ ತೆಗೆದರು. ಮೇಲೆ ಬಡಿಗರ ಅಂಗಡಿಯ ಕಟ್ಟಿಗೆಪುಡಿ ಹರಡಿ, ತೇವ ಹೀರಿದ ಮೇಲೆ ಗುಡಿಸಿ, ಮತ್ತೆ ಹರಡಿದರು. ಹಲಗೆಗಳು ಒಂದೊಂದಾಗಿ ಇಳಿದವು. ಎರಡು ಮಾತ್ರ ಇಳಿಯಲಿಲ್ಲ, ಅವನ್ನು ಬದಲಿಸಬೇಕಾಯಿತು.

ಹೀಗಾಗಿ ಹುಡುಗಿಯರಿಗೆ ಸಿಕ್ಕದ್ದು ಎರಡೇ ವಾರ. ವಾಲಿಬಾಲ್ ಬೂಟಿನ ಒಳಗಿನ ಮೆತ್ತೆ ತೀರಾ ದಪ್ಪ, ತಟ್ಟನೆ ತಿರುಗಲು ಭಾರವೆನಿಸುತ್ತದೆ ಎಂದಳು ದ್ರೌಪದಿ. ಮೆತ್ತೆ ಕಿತ್ತು, ತೆಳುವಾದ ಬಟ್ಟೆ ಮಡಚಿ ಇಟ್ಟುಕೊಟ್ಟವರು ಮಲ್ಕಮ್ಮ. ಗುಲಬರ್ಗಾದಲ್ಲೂ ಅದೇ ತಕರಾರು ಎದುರಾಯಿತು. ಮೇಜಿನ ಹಿಂದಿದ್ದ ಪಂದ್ಯದ ವ್ಯವಸ್ಥಾಪಕರು "ಇವು ವಾಲಿಬಾಲ್ ಬೂಟಲ್ಲವೇ?" ಎಂದಾಗ ಶಿಕ್ಷಕಿ ಬಾಯಿ ತೆರೆಯುವ ಮೊದಲೇ ದ್ರೌಪದಿ ಬೂಟು ಬಿಚ್ಚಿ, ಅವರೆದುರೇ ನೆಲಕ್ಕೆ ಉಜ್ಜಿ, "ನಿಶಾನಿ ಬಿತ್ತೇನ್ರಿ?" ಎಂದು ಕೇಳಿದಳು. ಬಿದ್ದಿರಲಿಲ್ಲ. ದ್ರೌಪದಿ ಮತ್ತು ಸುಲ್ತಾನಬಿಯ ಜೋಡಿ ಎರಡು ಪಂದ್ಯ ಗೆದ್ದಿತು, ಸೆಮಿಫೈನಲ್ಲಿನಲ್ಲಿ ಪಟ್ಟಣದ ಜೋಡಿಗೆ ಸ್ವಲ್ಪದರಲ್ಲೇ ಸೋತಿತು. ಮರಳಿ ಬಂದ ಹುಡುಗಿಯರು ಮನೆಗೂ ಹೋಗದೆ ಕ್ಲಬ್ಬಿಗೆ ಬಂದು ಸೋತ ಕತೆಯನ್ನು ಪೂರ್ತಿ ಹೇಳಿದರು. ಕೇಳುತ್ತ ಕೂತವರು ಮಲ್ಕಮ್ಮ ಒಬ್ಬರೇ.

ಗುರುರಾಜರು ಒಂದು ತಿಂಗಳು ಕ್ಲಬ್ಬಿನ ಕಡೆ ಸುಳಿಯಲಿಲ್ಲ. ಆಮೇಲೊಂದು ಸಂಜೆ ಹೊಸ ಬೂಟು ಕೈಯಲ್ಲಿ ಹಿಡಿದು ಬಂದು, ಎರಡರ ತಳವನ್ನೂ ಮಲ್ಕಮ್ಮನ ಕಡೆ ತಿರುಗಿಸಿದರು. ಮಲ್ಕಮ್ಮ ಉಗುರು ಒತ್ತಿ ನೋಡಿ, "ಪಾಡ ಅವ. ಹೋಗ್ರಿ," ಎಂದು ಒಳಗೆ ಬಿಟ್ಟರು. ಅಷ್ಟೇ. ಇಬ್ಬರೂ ಆ ವಿಷಯವನ್ನು ಮತ್ತೆ ಎತ್ತಿಲ್ಲ.

ಅಂದಿನಿಂದ ಸಂಜೆ ನಾಲ್ಕಕ್ಕೆ ಮಲ್ಕಮ್ಮ ಹೊಸ್ತಿಲ ಬಳಿ ಕೂರುತ್ತಾರೆ. ಪಕ್ಕದಲ್ಲಿ ಒಂದು ತುಂಡು ಹಲಗೆ. ಹೊಸ ಬೂಟು ಯಾರದೇ ಇರಲಿ, ಮೊದಲು ಅದರ ಮೇಲೆ ಉಜ್ಜಬೇಕು. ಕಳೆದ ವರ್ಷ ತಪಾಸಣೆಗೆ ಬಂದ ದೊಡ್ಡ ಅಧಿಕಾರಿಯೊಬ್ಬರನ್ನು ಸಹ ವಾಪಸು ಕಳಿಸಿದ್ದಾರೆ. ಶಾಲೆಯ ಹುಡುಗಿಯರು ಈಗ ಹದಿನಾಲ್ಕು ಮಂದಿ, ಬರುವುದು ವಾಲಿಬಾಲ್ ಬೂಟಿನಲ್ಲೇ.

ಮಲ್ಕಮ್ಮನಿಗೊಂದು ಆಸೆಯಿದೆ. ದ್ರೌಪದಿ ಈಗ ಜೇವರ್ಗಿಯ ಶಾಲೆಯಲ್ಲಿ ದೈಹಿಕ ಶಿಕ್ಷಕಿ. ಅಲ್ಲಿಯೂ ಒಂದು ಒಳಾಂಗಣ ಏಳುತ್ತಿದೆ. ಅದರ ನೆಲ ಹಾಸುವುದರಿಂದ ಹಿಡಿದು ಮೊದಲ ಗೆರೆ ಅಳಿಸುವವರೆಗೆ ತಾವೇ ನಿಂತು ನೋಡಬೇಕು, ಅಡಿಪಾಯದ ಕಿಂಡಿ ನಾಲ್ಕಲ್ಲ, ಎಂಟು ಬಿಡಿಸಬೇಕು. ಹೋದ ವಾರ ಅಲ್ಲಿನ ಸಮಿತಿಯಿಂದ ಅಂಚೆಯಲ್ಲಿ ಕರೆಯ ಪತ್ರವೊಂದು ಬಂದಿದೆ. ಬದುಕಿನಲ್ಲಿ ಅವರ ಹೆಸರಿಗೆ ಬಂದ ಮೊದಲ ಪತ್ರ. ನಾಲ್ಕನೆಯ ಇಯತ್ತೆ ಓದಿದ ಭಗವಂತ ಮೂರು ಸಲ ಓದಿ ಹೇಳಿದ್ದಾನೆ. ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಮಲ್ಕಮ್ಮ ಎರಡು ದಿನದ ರಜೆ ಕೇಳಿದ್ದಾರೆ.

"ಪತ್ರದಾಗ 'ನೆಲದ ತಜ್ಞರಾದ ಮಲ್ಕಮ್ಮನವರಿಗೆ' ಅಂತ ಬರದಾರ್ರಿ. ತಜ್ಞರು ಅಂದ್ರೇನು ಅಂತ ಇವ್ನಿಗಿ ಕೇಳ್ದೆ. ಎಲ್ಲಾ ತಿಳದವರು ಅಂತ ಅರ್ಥ ಅಂದ," ಎಂದು ಮಲ್ಕಮ್ಮ ಒದ್ದೆ ಬಟ್ಟೆಯನ್ನು ಎರಡೂ ಕೈಯಿಂದ ಹಿಂಡಿ, ಕೊನೆಯ ಹನಿ ಬೀಳುವ ತನಕ ಕಾಯುತ್ತಾರೆ. "ಹಂಗಾದ್ರ ಬರೋಬರ್ ಬರದಾರ ಅಂದೆ."